ಉಪ್ಪು ಎಲ್ಲಿ ಮುಗಿಯುತ್ತದೋ ಕಾನೂನೂ ಅಲ್ಲಿಗೇ

ಒಂದು ಲೀಟರ್ ನೀರಿಗೆ ಐದು ಗ್ರಾಂ ಉಪ್ಪು. ವರ್ಷದ ಅತಿ ಒಣ ದಿನಗಳಲ್ಲಿ ಅಳಿವೆಯಿಂದ ನದಿಯ ಗುಂಟ ಮೇಲಕ್ಕೆ ನೀರನ್ನು ಅಳೆಯುತ್ತ ಹೋದರೆ, ಉಪ್ಪು ಇಷ್ಟಕ್ಕೆ ಇಳಿಯುವ ಒಂದು ಜಾಗ ಸಿಗುತ್ತದೆ. ಭಾರತದ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಎಲ್ಲರ ಬಾಯಲ್ಲಿರುವ ಸಿಆರ್‌ಝಡ್, ಅಲ್ಲಿಗೆ ನಿಲ್ಲುತ್ತದೆ. ಆ ಜಾಗದಿಂದ ಕೆಳಗೆ ಮನೆ ಕಟ್ಟುವುದಕ್ಕೆ, ಮರಳು ತೆಗೆಯುವುದಕ್ಕೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರ ಕಡಿಯುವುದಕ್ಕೆ ಕಡಲಿನ ಹೆಸರಲ್ಲಿ ಅಂಕೆಯಿದೆ. ಅದರ ಮೇಲೆ ನದಿಗೆ ಏನೇ ಮಾಡಿದರೂ ಕಡಲಿನ ಕಾನೂನು ಕೇಳುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾದಿಂದ ನೋಡಿದರೆ ಆ ಗೆರೆ ಬಹಳ ದೂರ. ಪಶ್ಚಿಮಕ್ಕೆ ರತ್ನಾಗಿರಿಯಾದರೂ ಸರಿ, ನೈರುತ್ಯಕ್ಕೆ ಕಾರವಾರವಾದರೂ ಸರಿ, ಅರಬ್ಬಿ ಕಡಲು ಇಲ್ಲಿಂದ ನೆಟ್ಟಗೆ ಮುನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಆದರೆ ಈ ಎರೆ ಭೂಮಿಯ ಮೇಲೆ ಬಿದ್ದ ಮಳೆ ಆ ಹತ್ತಿರದ ಕಡಲಿಗೆ ಹೋಗುವುದಿಲ್ಲ. ಇಂಡಿ, ಸಿಂದಗಿಯ ಹಳ್ಳಗಳು ಹೆಚ್ಚಾಗಿ ಭೀಮೆಗೆ ಇಳಿಯುತ್ತವೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ನೀರು ಡೋಣಿಯ ಜೊತೆಗೂಡಿಯೋ ನೇರವಾಗಿಯೋ ಕೃಷ್ಣೆಗೆ ಸೇರುತ್ತದೆ. ರಾಯಚೂರಿನ ಗಡಿಯಲ್ಲಿ ಭೀಮೆಯೂ ಕೃಷ್ಣೆಯ ಪಾಲಾಗಿ, ಎಲ್ಲ ಸೇರಿ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ಅಂದರೆ ವಿಜಯಪುರ ಜಿಲ್ಲೆಗೂ ಒಂದು ಕಡಲಿದೆ. ಅದು ನಮ್ಮ ರಾಜ್ಯದಲ್ಲಿಲ್ಲ, ಅಷ್ಟೇ. ಕಡಲನ್ನು ಕಾಯಲು ರಾಜ್ಯಗಳು ಮಾಡಿಕೊಂಡ ಕಾನೂನುಗಳನ್ನು ಇಲ್ಲಿ ಕುಳಿತು ಓದಿದಾಗ, ಕರಾವಳಿಯಲ್ಲಿ ಕುಳಿತವರಿಗೆ ಅಷ್ಟಾಗಿ ಕಾಣದ ಒಂದು ಕೊರತೆ ಎದ್ದು ಕಾಣುತ್ತದೆ. ಕಡಲಿಗೆ ಬರುವ ನೀರು ಮತ್ತು ಹೂಳಿನ ಲೆಕ್ಕ ಆ ಕಾನೂನುಗಳಲ್ಲಿ ಎಲ್ಲಿಯೂ ಇಲ್ಲ.

ಮೊದಲು, ಕಡಲಿನಲ್ಲಿ ರಾಜ್ಯದ ಪಾಲು ಎಷ್ಟು ಎಂಬುದು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೀನುಗಾರಿಕೆ 21ನೇ ನಮೂದು. ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯ 57ನೇ ನಮೂದು. ಪ್ರಾದೇಶಿಕ ಜಲ ದಂಡೆಯಿಂದ 12 ನಾಟಿಕಲ್ ಮೈಲು, ಸುಮಾರು 22 ಕಿಲೋಮೀಟರ್ ಎಂದು 1976ರ ಕಾಯ್ದೆ ನಿಗದಿ ಮಾಡಿದೆ. ಅಲ್ಲಿಂದ 200 ನಾಟಿಕಲ್ ಮೈಲಿನ ತನಕ ಕೇಂದ್ರದ್ದೇ ಅಧಿಕಾರ. ಇನ್ನು ಸಂವಿಧಾನದ 297ನೇ ವಿಧಿಯ ಪ್ರಕಾರ ದಂಡೆಗೆ ಹತ್ತಿರದ ಆ ಪಟ್ಟಿಯಲ್ಲೂ ತಳದ ಮರಳು, ಖನಿಜ, ಎಣ್ಣೆ ಎಲ್ಲ ಕೇಂದ್ರಕ್ಕೇ ಸೇರಿದವು. ನೀರಿನಲ್ಲಿ ಈಜುವ ಮೀನು ರಾಜ್ಯದ್ದು, ಅದು ಮೊಟ್ಟೆಯಿಡುವ ನೆಲ ಕೇಂದ್ರದ್ದು. ಕಡಲ ತಳದ ಮರಳನ್ನು ಹರಾಜು ಹಾಕಲು ಕೇಂದ್ರ ಹೊರಟಾಗ 2025ರಲ್ಲಿ ಕೇರಳದ ವಿಧಾನಸಭೆ ವಿರೋಧಿಸಿ ನಿರ್ಣಯ ಮಾಡಿತು. ನಿರ್ಣಯ ಮಾಡುವುದು ಬಿಟ್ಟರೆ ಅದರ ಕೈಯಲ್ಲಿ ಹೆಚ್ಚಿನ ಆಯುಧವಿರಲಿಲ್ಲ.

ಕರ್ನಾಟಕದ ಕಡಲಿಗೆ ಇರುವ ರಾಜ್ಯದ್ದೇ ಆದ ಮುಖ್ಯ ಕಾನೂನು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ. ಅದು ಹುಟ್ಟಿದ ಬಗೆಯನ್ನು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಮಂಗಳೂರಿನಿಂದ ಕಾರವಾರದ ತನಕ ಒಂದು ಕಾಲಕ್ಕೆ ರಂಪಣಿಯೇ ದೊಡ್ಡ ಬಲೆ. ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಊರ ಮಂದಿಯೆಲ್ಲ ಸೇರಿ ಎಳೆಯುವ ಪದ್ಧತಿ. ಬಂಗುಡೆ, ತಾರ್ಲಿಗಳ ಹಿಂಡು ದಂಡೆಯ ಹತ್ತಿರ ಬಂದಾಗ ಮಾತ್ರ ರಂಪಣಿಗೆ ಕೆಲಸ. ಸಿಕ್ಕ ಮೀನು ಬಲೆಯಲ್ಲಿ ಹಣ ಹಾಕಿದವರಿಗೆ, ದೋಣಿಯಲ್ಲಿ ಹೋದವರಿಗೆ, ಹಗ್ಗ ಹಿಡಿದವರಿಗೆ ಪಾಲಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ದಂಡೆಗೆ ಬರಬೇಕಾದ ಹಿಂಡನ್ನು ಅವು ಹೊರಗೇ ಸುತ್ತುವರಿದು ಎತ್ತಿಬಿಟ್ಟವು. ಕೆಲವೇ ವರ್ಷಗಳಲ್ಲಿ ದಂಡೆಯ ಮೇಲೆ ಹಗ್ಗ ಹಿಡಿದು ಕಾದವರಿಗೆ ಮೀನಿಲ್ಲದಂತಾಯಿತು. ಜಗಳ, ಹೊಡೆದಾಟ, ಬಲೆ ಸುಡುವ ಮಟ್ಟದ ಸಿಟ್ಟು ಪಶ್ಚಿಮ ಕರಾವಳಿಯ ಉದ್ದಕ್ಕೂ ಎದ್ದಿತು. ಗೋವಾದ ರಂಪಣಿ ಮೀನುಗಾರರ ಚಳವಳಿಯಂತೂ ಅಲ್ಲಿನ ಸರ್ಕಾರವನ್ನು ಅಲುಗಾಡಿಸಿತು. ಕೇಂದ್ರ ಸರ್ಕಾರ ಒಂದು ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿತು. ಕೇರಳ, ಗೋವಾ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ತಮಿಳುನಾಡು 1983ರಲ್ಲಿ, ಕರ್ನಾಟಕ 1986ರಲ್ಲಿ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು.

ಹಾಗಾಗಿ ಈ ಕಾಯ್ದೆಗಳು ಮೊದಲು ನೋಡುವುದು ಮೀನುಗಾರ ಮೀನುಗಾರರ ನಡುವಿನ ನ್ಯಾಯವನ್ನು. ಸರ್ಕಾರ ನಿರ್ಬಂಧ ಹೇರುವಾಗ ಲಕ್ಷ್ಯದಲ್ಲಿಡಬೇಕಾದ ಸಂಗತಿಗಳನ್ನು ಕಾಯ್ದೆಯೇ ಹೇಳುತ್ತದೆ: ಸಾಂಪ್ರದಾಯಿಕ ದೋಣಿಯವರ ಹಿತ, ಮೀನಿನ ಸಂರಕ್ಷಣೆ, ಕಡಲಿನಲ್ಲಿ ಶಾಂತಿ ಸುವ್ಯವಸ್ಥೆ. ದಂಡೆಯಿಂದ 6 ಕಿಲೋಮೀಟರ್ ಪಟ್ಟಿಯನ್ನು ನಾಡದೋಣಿಯವರಿಗೆ ಮೀಸಲಿಟ್ಟಿದ್ದು ಈ ಕಾಯ್ದೆಯ ಬಲದಿಂದಲೇ. ಬೋಟಿಗೆ ನೋಂದಣಿ, ಪರವಾನಗಿ, ನಿಯಮ ಮೀರಿದರೆ ಹಿಡಿದಿಡುವ ಅಧಿಕಾರ ಎಲ್ಲವೂ ಇದರಲ್ಲಿದೆ. ಬಡ ದೋಣಿಯವನ ಹೊಟ್ಟೆಯಿಂದ ಶುರುವಾದ ಕಾನೂನು ಎಂಬುದು ಅದರ ದೊಡ್ಡ ಗುಣ ಎಂದೇ ನಾನು ತಿಳಿದಿದ್ದೇನೆ. ಹವಳ, ಕಾಂಡ್ಲಾ, ಆಮೆ, ಅಳಿವೆಯ ಕೆಸರು ಇವೆಲ್ಲ ಅದರ ಮುಖ್ಯ ಚಿಂತೆಯಾಗದೆ ಉಳಿದದ್ದೂ ಅದೇ ಕಾರಣಕ್ಕೆ.

ಕಾಯ್ದೆಯ ಫಲ ಕಣ್ಣಿಗೆ ಕಾಣುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಕೇಂದ್ರದ ವ್ಯಾಪ್ತಿಯ ಕಡಲಿಗೂ 2015ರಿಂದ ಇದೇ ಅವಧಿ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುವ ಆ ಎರಡು ತಿಂಗಳು ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಸಮುದ್ರ ಪೂಜೆ ಮಾಡಿ ಬಲೆ ಬಿಡುವ ರೂಢಿ ಕಾಯ್ದೆಗಿಂತ ಎಷ್ಟೋ ಹಳೆಯದು. ಜನರ ರೂಢಿಯ ಮೇಲೆ ನಿಂತದ್ದರಿಂದಲೇ ಈ ನಿಷೇಧ ಇಷ್ಟು ಗಟ್ಟಿಯಾಗಿ ನಡೆದುಬಂದಿದೆ. ರೂಢಿಯ ಆಸರೆಯಿಲ್ಲದ ನಿಷೇಧಗಳ ಗತಿ ಬೇರೆ. ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವ ಲೈಟ್ ಫಿಶಿಂಗ್, ಎರಡು ಬೋಟುಗಳ ನಡುವೆ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಎರಡೂ ನಿಷಿದ್ಧ. ಕೇಂದ್ರವೂ 2017ರ ನವೆಂಬರ್‌ನಲ್ಲಿ ತನ್ನ ವ್ಯಾಪ್ತಿಯ ಕಡಲಿನಲ್ಲಿ ಇವನ್ನು ನಿಷೇಧಿಸಿತು. ಆದರೂ ನಾಡದೋಣಿಯವರು ಪದೇ ಪದೇ ಬೀದಿಗಿಳಿದು ಅದೇ ದೂರು ಹೇಳಬೇಕಾಗುತ್ತಿದೆ. 12 ಮೈಲಿಯ ಗೆರೆ ನೀರಿನ ಮೇಲೆ ಯಾರಿಗೂ ಕಾಣುವುದಿಲ್ಲ. ಆಚೆ ಹಿಡಿದ ಮೀನೂ ಈಚೆಯ ಬಂದರಿನಲ್ಲೇ ಇಳಿಯುತ್ತದೆ. ಮರಿಮೀನಿನ ವಿಷಯದಲ್ಲಿ ಕೇರಳ ಬಂದರಿನಲ್ಲೇ ತಡೆಯುವ ದಾರಿ ಹಿಡಿಯಿತು. 2015ರಲ್ಲಿ 14 ಜಾತಿಗಳಿಗೆ, ಬಳಿಕ 58 ಜಾತಿಗಳಿಗೆ, ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ ಎಂದು ಅಳತೆ ಗೊತ್ತುಮಾಡಿತು. ತಾರ್ಲಿಗೆ ಅದು 10 ಸೆಂಟಿಮೀಟರ್. ಅಳತೆಪಟ್ಟಿ ಹಿಡಿದು ಬಂದರಿನಲ್ಲಿ ನಿಲ್ಲುವುದು ಕಡಲಿನಲ್ಲಿ ಬೋಟು ಬೆನ್ನಟ್ಟುವುದಕ್ಕಿಂತ ಸುಲಭ.

ಮೀನಲ್ಲದ ಜೀವಿಗಳಿಗೆ ಆಸರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಹೊನ್ನಾವರದ ಅಪ್ಸರಕೊಂಡ–ಮುಗಳಿ ಸಮುದ್ರ ವನ್ಯಜೀವಿಧಾಮ ಕರ್ನಾಟಕದ ಮೊದಲನೆಯದು, ಸುಮಾರು 59 ಚದರ ಕಿಲೋಮೀಟರ್. ಮುರ್ಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳ ನೋಡಲು ಈಗ ಮುಳುಗುಗಾರರು ದೂರದೂರದಿಂದ ಬರುತ್ತಾರೆ. ಅದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ವಿಷಯ ನ್ಯಾಯಾಲಯದ ತನಕ ಹೋಗಿತ್ತು. ಸುಮಾರು 320 ಕಿಲೋಮೀಟರ್ ಉದ್ದ, 22 ಕಿಲೋಮೀಟರ್ ಅಗಲದ ರಾಜ್ಯದ ಕಡಲಿನಲ್ಲಿ ವನ್ಯಜೀವಿಧಾಮದ ಪಾಲು ನೂರಕ್ಕೆ ಒಂದೂ ಆಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಕಡಲಿನಲ್ಲಿ ಇರುವುದು ಮೂರೇ ನಾಟಿಕಲ್ ಮೈಲು. ಆದರೆ ಅದು 1999ರಲ್ಲಿ ತನ್ನದೇ ಶಾಸನ ಮಾಡಿ, ಮುಂದಿನ ಹದಿಮೂರು ವರ್ಷಗಳಲ್ಲಿ ಮೀನುಗಾರರು, ವಿಜ್ಞಾನಿಗಳು, ಊರವರನ್ನು ಒಟ್ಟಿಗೆ ಕೂರಿಸಿ 124 ರಕ್ಷಿತ ಪ್ರದೇಶಗಳನ್ನು ಗುರುತಿಸಿತು. ಅದರ ಕಡಲಿನ ಶೇ 16ರಷ್ಟು ಹೀಗೆ ರಕ್ಷಣೆಗೆ ಬಂತು. ನಾಲ್ಕು ಪಟ್ಟು ಅಗಲದ ಕಡಲು ಕೈಯಲ್ಲಿರುವ ನಮ್ಮ ರಾಜ್ಯಗಳಿಗೆ ಅಧಿಕಾರ ಸಾಲದು ಎನ್ನುವುದು ಅರ್ಧ ಮಾತ್ರ ನಿಜ.

ಇನ್ನು ದಂಡೆ. 1981ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ತನಕ ಕಟ್ಟಡ ಬೇಡ ಎಂದರು. ಹತ್ತು ವರ್ಷದ ನಂತರ, 1991ರ ಫೆಬ್ರುವರಿ 19ರಂದು, ಅದು ಸಿಆರ್‌ಝಡ್ ಅಧಿಸೂಚನೆಯಾಯಿತು. ಅಧಿಸೂಚನೆ ಕೇಂದ್ರದ್ದು, ಜಾರಿ ರಾಜ್ಯದ್ದು. ನಕ್ಷೆ ಮಾಡಿಸುವುದು, ಅರ್ಜಿ ನೋಡುವುದು, ಉಲ್ಲಂಘನೆ ಹಿಡಿಯುವುದು ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಕೆಲಸ. 2011ರಲ್ಲಿ ಹೊಸ ಅಧಿಸೂಚನೆ ಬಂತು, 2019ರಲ್ಲಿ ಮತ್ತೊಂದು. ಒಂದೊಂದು ಸಲವೂ ಗೆರೆ ನೀರಿನ ಕಡೆಗೆ ಸರಿಯಿತು. ಉಬ್ಬರ ಬರುವ ಹೊಳೆಗಳ ದಂಡೆಯಲ್ಲಿ 2011ರಲ್ಲಿ 100 ಮೀಟರ್ ಇದ್ದ ವ್ಯಾಪ್ತಿ 2019ರಲ್ಲಿ 50ಕ್ಕೆ ಇಳಿಯಿತು. ಗ್ರಾಮೀಣ ಕರಾವಳಿಯಲ್ಲಿ 200 ಮೀಟರ್ ಇದ್ದ ಕಟ್ಟಡನಿಷೇಧದ ಪಟ್ಟಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161 ಜನರಿಗಿಂತ ಹೆಚ್ಚಿರುವಲ್ಲಿ 50 ಮೀಟರ್ ಆಯಿತು. ಸ್ವಂತ ಜಾಗದಲ್ಲಿ ಒಂದು ಕೋಣೆ ಕಟ್ಟಲು ಅಲೆದ ಮೀನುಗಾರ ಕುಟುಂಬಕ್ಕೆ ಇದರಿಂದ ಅನುಕೂಲವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸಡಿಲಿಕೆ ರೆಸಾರ್ಟ್ ಕಟ್ಟುವವರಿಗೂ ಸಿಕ್ಕಿತು. ಇಬ್ಬರನ್ನೂ ಒಂದೇ ಮೀಟರ್‌ಪಟ್ಟಿಯಿಂದ ಅಳೆಯಬಾರದಿತ್ತು.

ಈಗ ಆ ಐದು ಗ್ರಾಂ ಉಪ್ಪಿನ ಮೇಲಿನ ಸಂಗತಿ. ಉತ್ತರ ಕನ್ನಡದ ಎರಡು ಅಳಿವೆಗಳನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಕುಮಟಾ ತಾಲ್ಲೂಕಿನ ತದಡಿಯಲ್ಲಿ ಅಘನಾಶಿನಿ, ಅಲ್ಲಿಂದ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ. ಎರಡೂ ಸಹ್ಯಾದ್ರಿಯಿಂದ ಇಳಿದವು, ಎರಡಕ್ಕೂ ಒಂದೇ ಕಡಲು, ಒಂದೇ ಸಿಆರ್‌ಝಡ್, ಒಂದೇ ಮೀನುಗಾರಿಕೆ ಕಾಯ್ದೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಅದರ ಕೆಳಗೆ ಗೇರುಸೊಪ್ಪೆಯಲ್ಲೂ ಅಣೆಕಟ್ಟಿದೆ.

ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲಕ್ಕೆ ನೀರು ಸಿಹಿ, ಬೇಸಿಗೆಗೆ ಉಪ್ಪು. ಆ ಏರಿಳಿತಕ್ಕೆ ಹೊಂದಿಕೊಂಡು ಬಳಚು ಮತ್ತಿತರ ಚಿಪ್ಪುಜೀವಿಗಳು ಅಲ್ಲಿ ರಾಶಿರಾಶಿಯಾಗಿ ಬೆಳೆಯುತ್ತವೆ. ಇಳಿತದ ಹೊತ್ತಿಗೆ ಕೆಸರಿಗಿಳಿದು ಅವನ್ನು ಆಯುವುದರಿಂದ ಸುತ್ತಲಿನ ಊರುಗಳ ಎಷ್ಟೋ ಮನೆಗಳ, ಅದರಲ್ಲೂ ಹೆಣ್ಣುಮಕ್ಕಳ, ಜೀವನ ನಡೆಯುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗಳಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತರುವ ಮಾತು ಬಂದಾಗ ಊರವರು ಎದುರು ನಿಂತು ತಡೆದದ್ದರಿಂದ ಈ ಲೋಕ ಉಳಿದಿದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ, ಮಹತ್ವದ ಜೌಗುಭೂಮಿಗಳಿಗೆ ಕೊಡುವ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು.

ಶರಾವತಿಯಲ್ಲಿ ಕಥೆ ತಿರುಗುಮುರುಗು. ವಿದ್ಯುತ್ ತೆಗೆದು ಬಿಟ್ಟ ನೀರು ಅಲ್ಲಿ ವರ್ಷವಿಡೀ ಹರಿಯುತ್ತದೆ. ಬೇಸಿಗೆಯಲ್ಲೂ ಅಳಿವೆಗೆ ಬೇಕಾದಷ್ಟು ಉಪ್ಪು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಶರಾವತಿಯಲ್ಲಿ ಚಿಪ್ಪುಜೀವಿಗಳು ಕುಸಿದದ್ದಕ್ಕೆ ಈ ಸಿಹಿನೀರಿನ ಹರಿವೇ ಕಾರಣ ಎಂದು ಅವರು ತೋರಿಸಿಕೊಟ್ಟರು. ಇದು ಅಳಿವೆಯಲ್ಲಿ ಯಾರೋ ನಿಯಮ ಮುರಿದು, ಕಾಂಡ್ಲಾ ಕಡಿದು, ವಿಷ ಬಿಟ್ಟು ಆದದ್ದಲ್ಲ. ಮೇಲೆ ಘಟ್ಟದಲ್ಲಿ ಗೇಟು ತೆರೆದು ಮುಚ್ಚುವ ವೇಳಾಪಟ್ಟಿ ಬದಲಾಯಿತು, ಕೆಳಗೆ ಕೆಸರಿಗಿಳಿಯುತ್ತಿದ್ದವರ ಬುಟ್ಟಿ ಬರಿದಾಯಿತು. ಇದಕ್ಕೆ ಯಾವ ಕರಾವಳಿ ಕಾಯ್ದೆಯ ಅಡಿಯಲ್ಲೂ ದೂರು ಕೊಡಲು ಬರುವುದಿಲ್ಲ. ಮೀನು ಮೀನುಗಾರಿಕೆ ಇಲಾಖೆಯದು, ಕಾಂಡ್ಲಾ ಅರಣ್ಯ ಇಲಾಖೆಯದು, ಮರಳು ಗಣಿ ಇಲಾಖೆಯದು, ಗೇಟು ವಿದ್ಯುತ್ ನಿಗಮದ್ದು. ಉಪ್ಪಿನ ಏರಿಳಿತ ಯಾರ ಇಲಾಖೆಯದೂ ಅಲ್ಲ.

ಶರಾವತಿಯಲ್ಲಿ ನೀರು ಹೆಚ್ಚಾಗಿ ಅಳಿವೆ ಕೆಟ್ಟಿತು. ನಮ್ಮ ಕೃಷ್ಣೆಯ ಕೊನೆಯಲ್ಲಿ ನೀರೂ ಮಣ್ಣೂ ಬಾರದೆ ಕೆಟ್ಟಿದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಅದರ ಕೆಳಗೆ ನಾರಾಯಣಪುರ, ಮುಂದೆ ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್. ಭೀಮೆಯ ಮೇಲೆ ಮಹಾರಾಷ್ಟ್ರದ ಉಜನಿ. ಈ ಶತಮಾನದ ಆರಂಭದ ಬರಗಾಲದ ವರ್ಷಗಳಲ್ಲಿ ಕೃಷ್ಣೆಯಿಂದ ಕಡಲಿಗೆ ಹೋಗುವ ನೀರು ಹೆಚ್ಚುಕಡಿಮೆ ನಿಂತೇಹೋಗಿತ್ತು. ನೀರಿಗಿಂತ ಮೌನವಾಗಿ ನಿಂತದ್ದು ಹೂಳು. ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1960ರ ದಶಕದ ಕೊನೆಯಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಟನ್ ಇದ್ದ ಕೃಷ್ಣೆಯ ಹೂಳು 2000ದ ನಂತರ 4 ಲಕ್ಷ ಟನ್ನಿಗೆ ಇಳಿಯಿತು. ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಗಳ 336 ಕಿಲೋಮೀಟರ್ ದಂಡೆಯಲ್ಲಿ 43 ವರ್ಷಗಳಲ್ಲಿ ಒಟ್ಟಾರೆ 76 ಚದರ ಕಿಲೋಮೀಟರ್ ನೆಲ ಕಡಲಿನ ಪಾಲಾಯಿತು. ಮಣ್ಣು ತಂದು ದಂಡೆ ಕಟ್ಟುತ್ತಿದ್ದ ನದಿಯ ಕೈಯನ್ನು ಮೇಲಿನ ಜಲಾಶಯಗಳು ಹಿಡಿದುಕೊಂಡವು. ಕಡಲು ಮಾತ್ರ ತನ್ನ ಕೆಲಸ ಬಿಡಲಿಲ್ಲ.

ಆಂಧ್ರಕ್ಕೂ ಕಾನೂನುಗಳಿವೆ. ಅದರ ಸಮುದ್ರ ಮೀನುಗಾರಿಕೆ ಕಾಯ್ದೆ 1994ರದು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನದ ನಿಷೇಧವಿದೆ. ಮುಖಜಭೂಮಿಯ ಕಾಂಡ್ಲಾ ಕಾಡಿಗೆ ಕೃಷ್ಣಾ ವನ್ಯಜೀವಿಧಾಮದ ರಕ್ಷಣೆಯಿದೆ. ಅಲ್ಲಿನ ಅಧಿಕಾರಿಗಳು ಎಷ್ಟೇ ನಿಷ್ಠೆಯಿಂದ ದುಡಿದರೂ ಆಲಮಟ್ಟಿಯಲ್ಲಿ, ಉಜನಿಯಲ್ಲಿ ಕೂತ ಹೂಳನ್ನು ತಮ್ಮ ಕಾಡಿಗೆ ತರಲಾರರು.

ಮಳೆಗಾಲದಲ್ಲಿ ಆಲಮಟ್ಟಿಯ ಗೇಟು ತೆರೆದಾಗಲೆಲ್ಲ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ ಎಂಬ ಮಾತು ನಮ್ಮ ಕಡೆ ಕೇಳಿಬರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಬರಕ್ಕೆ ಗುಳೆ ಹೋದ ನೆನಪಿರುವ ಜಿಲ್ಲೆಯ ಮಂದಿ ಹಾಗೆ ಮರುಗುವುದು ಸಹಜ. ಇಂಡಿಯ ರೈತನ ಹೊಲದ ನೀರು ಕಿತ್ತು ಕಡಲಿಗೆ ಕೊಡಿ ಎಂದು ಕೇಳುವ ಎದೆ ನನಗಿಲ್ಲ. ಅದು ನ್ಯಾಯವೂ ಅಲ್ಲ. ಆದರೆ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ನಾಡಿಗೆ, ನದಿ ಉಕ್ಕಿ ತಂದು ಹರಡುವ ಮಣ್ಣೇ ಬೆಳೆಯ ಮೂಲ ಎಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಪ್ರವಾಹದ ಜೊತೆ ಹೋಗುವ ನೀರು, ಹೂಳು ಕೆಳಗಿನವರಿಗೆ ಅಂಥದೇ ಬೆಳೆ ಕೊಡುತ್ತವೆ. ಅವರ ಬೆಳೆ ಮೀನು, ಸಿಗಡಿ, ಏಡಿ.

ಮಾಡಬಹುದಾದದ್ದು ರೈತನ ಪಾಲು ಕಿತ್ತುಕೊಳ್ಳದೆಯೂ ಇದೆ. ಪುಣೆಯ ಕೊಳಚೆ ಭೀಮೆಯಲ್ಲಿ, ನಮ್ಮ ಪಟ್ಟಣಗಳ ಚರಂಡಿ ನಮ್ಮ ಹಳ್ಳಗಳಲ್ಲಿ ಸೇರುವುದನ್ನು ತಡೆಯಲು 1974ರ ಜಲಮಾಲಿನ್ಯ ಕಾಯ್ದೆ ಸಾಕು. ನದಿ, ಉಬ್ಬರದ ನೀರು, ಕಡಲು ಮೂರನ್ನೂ ಒಂದೇ ವ್ಯಾಪ್ತಿಗೆ ತರುವ ಅವಕಾಶ ಇರುವ ಕಾಯ್ದೆ ಅದು. ಕಾಲುವೆ ನೀರು ಬಂದಲ್ಲೆಲ್ಲ ಹಬ್ಬುತ್ತಿರುವ ಕಬ್ಬಿನ ಬದಲು, 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆಯಂಥ, ಹನಿ ನೀರಾವರಿಗೆ ಒಗ್ಗುವ ಬೆಳೆಗೆ ನ್ಯಾಯವಾದ ಬೆಲೆ ಸಿಕ್ಕರೆ ನೀರೂ ಗೊಬ್ಬರವೂ ಉಳಿಯುತ್ತವೆ. ಪ್ರವಾಹದ ದಿನಗಳಲ್ಲಿ ಹೂಳು ಹೊರಗೆ ಹೋಗುವಂತೆ ಗೇಟು ನಡೆಸುವ ಕ್ರಮವನ್ನು ರಾಜ್ಯಗಳು ಕೂಡಿ ಗೊತ್ತುಮಾಡಿಕೊಳ್ಳಬಹುದು. ಅದರಿಂದ ಜಲಾಶಯದ ಆಯುಷ್ಯವೂ ಹೆಚ್ಚುತ್ತದೆ.

ನದಿಗೆಂದೇ ನೀರು ಬಿಡುವ ಒಂದು ಸಾಲು ಕೃಷ್ಣೆಯ ಕಾನೂನಿನಲ್ಲಿ ಈಗಾಗಲೇ ಬಂದಿದೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಕನಿಷ್ಠ ಹರಿವಿಗೆಂದು 16 ಟಿಎಂಸಿ ಎತ್ತಿಟ್ಟಿತು. ಅದರಲ್ಲಿ ಕರ್ನಾಟಕದ ಪಾಲು 7 ಟಿಎಂಸಿ. ಆಲಮಟ್ಟಿಯಲ್ಲಿ 519.60 ಮೀಟರಿಗೆ ನಿಲ್ಲುವ ಜಲಾಶಯದ ಸಾಮರ್ಥ್ಯವೇ ಸುಮಾರು 123 ಟಿಎಂಸಿ ಎಂಬುದನ್ನು ನೆನೆದರೆ, ನದಿಯ ರಾಜ್ಯಗಳೆಲ್ಲ ಸೇರಿ ಇಡೀ ನದಿಗೆ ಬಿಡುವ 16 ಎಷ್ಟು ಸಣ್ಣದು ಎಂದು ತಿಳಿಯುತ್ತದೆ. ತೀರ್ಪಿನ ಅಧಿಸೂಚನೆ ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಜಲಾಶಯವನ್ನು 524.256 ಮೀಟರಿಗೆ ಏರಿಸುವ ಕೆಲಸಕ್ಕೆ ಕರ್ನಾಟಕ ಅದನ್ನೇ ಕಾಯುತ್ತಿದೆ. ಆ ಏರಿಕೆಯ ಪರಿಣಾಮವನ್ನು ಮುಳುಗಡೆಯಾಗುವ ಹಳ್ಳಿಗಳಲ್ಲಿ ಅಳೆಯುವಷ್ಟೇ ಶ್ರದ್ಧೆಯಿಂದ ಹಂಸಲದೀವಿಯ ಅಳಿವೆಯಲ್ಲೂ ಅಳೆಯಬೇಕು ಎಂದು ಆಂಧ್ರ ಕೇಳುವ ಮೊದಲು ಕರ್ನಾಟಕವೇ ಹೇಳಬೇಕು. ಏಕೆಂದರೆ ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರನ್ನು ಘಟ್ಟ ಹತ್ತಿಸಿದರೆ ನೇತ್ರಾವತಿಯ ಅಳಿವೆಯಲ್ಲಿ ಏನಾಗುತ್ತದೆ ಎಂದು ನಾಳೆ ಮಂಗಳೂರಿನ ಮೀನುಗಾರರು ಇದೇ ಸರ್ಕಾರವನ್ನು ಕೇಳಲಿದ್ದಾರೆ.